ಡುಫಿಯೆಗೆ ಮಾತ್ರ ಕೇಳುತ್ತಿದ್ದ ಸದ್ದು

"ಏನೂ ಕೇಳಿಸ್ತಿಲ್ಲ ಮೇಡಂ."

ಮೆಕ್ಯಾನಿಕ್ ಅಡೋಮಾಕೊ ತಲೆ ಎತ್ತಿದ. ಬಾನೆಟ್ ತೆರೆದಿತ್ತು, ಇಂಜಿನ್ ತಣ್ಣಗೆ ಗುನುಗುತ್ತಿತ್ತು. ಡುಫಿಯೆಯ ಎದೆ ಮಾತ್ರ ಡವಗುಟ್ಟುತ್ತಿತ್ತು.

"ಮಾಸ್ಟರ್, ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಕಿರುಚುತ್ತೆ. ಬೀದಿಗೆಲ್ಲಾ ಕೇಳೋ ಹಾಗೆ. ಶನಿವಾರ ಇದರಲ್ಲೇ ಮಾಂಪಾಂಗ್ ಘಟ್ಟ ಹತ್ತಬೇಕು..."

ಪಕ್ಕದ ಶೆಡ್ಡಿನಲ್ಲಿ ಬೆಸುಗೆ ಹಾಕುತ್ತಿದ್ದ ಬಾಫೊ ಕನ್ನಡಕ ಮೇಲೆತ್ತಿ ನಕ್ಕ. "ಇದೇ ವಾರದಲ್ಲಿ ಮೂರನೇ ಸಲ! ಮಾಸ್ಟರ್, ಕಾಯಿಲೆ ಕಾರಿಗಲ್ಲ ಕಣಯ್ಯ. ಸ್ವಲ್ಪ ಮೇಡಂ ಎದೆಗೂ ಕಿವಿ ಇಟ್ಟು ನೋಡು."

ಕುಮಾಸಿ ನಗರದ ಆ ಮೆಕ್ಯಾನಿಕ್ ಪೇಟೆಯಲ್ಲಿ ನಗುವವರಿಗೇನು ಕಡಿಮೆ? ನಾಲ್ಕು ಶೆಡ್ಡುಗಳಾಚೆಗೂ ನಗು ಹರಡಿತು.

ಡುಫಿಯೆಯ ಮುಖ ಕಾದುಹೋಯಿತು. ಅಡೋಮಾಕೊ ನಗಲಿಲ್ಲ. ಆದರೆ ಅದು ಅವಳ ಕಣ್ಣಿಗೆ ಬೀಳಲಿಲ್ಲ. ಅವಳ ಕಿವಿಯಲ್ಲಿ ಬೇರೊಂದು ದನಿ ಮೊಳಗುತ್ತಿತ್ತು. ಬಿಟ್ಟುಬಂದ ಗಂಡ ಬೋಟೆಂಗನ ದನಿ. 'ಸದ್ದೆಲ್ಲ ನಿನ್ನ ತಲೆಯೊಳಗೇ ಇದೆ ಡುಫಿಯೆ.' ಅವನ ಫೋನಿನಲ್ಲಿ ಹೆಣ್ಣಿನ ನಗು ಕೇಳಿದಾಗಲೂ ಅದೇ ಮಾತು, ಹಿತ್ತಲ ಬಾಗಿಲ ಸದ್ದಾದಾಗಲೂ ಅದೇ ಮಾತು. ತಾನು ಕೇಳಿದ್ದೆಲ್ಲ ನಿಜವೆಂದು ಗೊತ್ತಾಗುವಷ್ಟರಲ್ಲಿ ಅವಳಿಗೆ ತನ್ನ ಕಿವಿಗಳ ಮೇಲೇ ನಂಬಿಕೆ ಹೋಗಿತ್ತು.

ಈ ಮನುಷ್ಯ ಬೇರೆಯವನು ಅಂದುಕೊಂಡಿದ್ದಳು... ಯಾಕೆ ಹಾಗೆ ಅಂದುಕೊಂಡಳೋ.

"ಹಾಗಾದ್ರೆ ನಾನು ಸುಳ್ಳು ಹೇಳ್ತಿದ್ದೀನಿ, ಅಲ್ವಾ?"

"ಮೇಡಂ, ನಾನು ಹೇಳಿದ್ದು..."

ಅವಳು ಬಾನೆಟ್ ಎಳೆದು ಮುಚ್ಚಿ, ಕಾರು ಹತ್ತಿ ಹೊರಟೇಬಿಟ್ಟಳು.

ಮನೆಯ ತಿರುವು ಬರುವಷ್ಟರಲ್ಲಿ ಶುರುವಾಯಿತು. ಹಂದಿ ಕೊಯ್ದಂತೆ ಕಿರುಚಾಟ! ಡುಫಿಯೆ ಸ್ಟೀರಿಂಗಿಗೆ ಹಣೆ ಒತ್ತಿದಳು. ಶನಿವಾರ ಮಾಂಪಾಂಗಿನಲ್ಲಿ ದೊಡ್ಡಮ್ಮನ ಅಂತ್ಯಕ್ರಿಯೆ. ಅಮ್ಮನನ್ನೂ ಇಬ್ಬರು ಅತ್ತೆಯರನ್ನೂ ಇದೇ ಕಾರಿನಲ್ಲಿ ಕೂರಿಸಿಕೊಂಡು ಆ ಘಟ್ಟ ಹತ್ತಬೇಕು. ಮೂರು ಜೀವ, ಅವಳ ಕೈಯಲ್ಲಿ. ಕೇಳಿಸಬೇಕಾದ ಮಾಸ್ಟರಿಗೆ ಮಾತ್ರ ಕೇಳಿಸುತ್ತಿಲ್ಲ.

'ನಾಳೆ ಬೇರೆ ಮಾಸ್ಟರ್ ಹತ್ತಿರ ಹೋಗ್ತೀನಿ. ಅವನೂ ನಕ್ಕರೆ?'

ಶುಕ್ರವಾರ ನಸುಕಿನಲ್ಲೇ ಎದ್ದು ಬ್ರೆಡ್ಡಿನ ಹಿಟ್ಟು ನಾದುತ್ತಿದ್ದಾಗ ಅಂಗಳದಲ್ಲಿ ಗಂಡಸಿನ ದನಿ ಕೇಳಿತು.

"ಅಮ್ಮಾ, ಏನ್ ಮಾಡ್ತಿದ್ದೀರಿ?"

ಹಿಟ್ಟಿನ ಕೈಯಲ್ಲೇ ಹೊರಗೋಡಿದಳು. ಮನೆ ವಿಚಾರಿಸಿಕೊಂಡು ಬಂದ ಅಡೋಮಾಕೊ ಗೇಟಿನ ಬಳಿ ಹತಾರದ ಚೀಲ ಹಿಡಿದು ನಿಂತಿದ್ದ. ಅಮ್ಮ ಕಾರಿನ ಬಾನೆಟ್ಟಿನೊಳಗೆ ಬಗ್ಗಿದ್ದಳು. ಅವಳ ಕೈಯಲ್ಲಿ ಬಟ್ಟೆ ಒಗೆಯುವ ಹಳದಿ ಸಾಬೂನು!

"ಬೆಲ್ಟಿಗೆ ಸಾಬೂನು ತಿಕ್ತಿದ್ದೀನಪ್ಪಾ," ಅಂದಳು ಅಮ್ಮ, ಇದರಲ್ಲೇನು ವಿಶೇಷ ಎಂಬಂತೆ. "ನಮ್ಮನೆಯವರು ಟ್ಯಾಕ್ಸಿ ಓಡಿಸೋವಾಗ ಹೀಗೇ ಮಾಡೋರು, ಸ್ವಲ್ಪ ಹೊತ್ತು ಸದ್ದು ಅಡಗುತ್ತೆ. ಇವಳು ಮಾಸ್ಟರ್ ಹತ್ರ ಹೊರಟಾಗೆಲ್ಲ ತಿಕ್ಕಿ ಕಳಿಸ್ತೀನಿ. ಡಾಕ್ಟರ ಹತ್ರ ಕಳಿಸೋವಾಗ ಸ್ನಾನ ಮಾಡಿಸಿ ಕಳಿಸಲ್ವೇ? ಕೊಳಕಾಗಿ ಕಿರುಚ್ಕೊಂಡು ಹೋದ್ರೆ ಜನ ಏನಂದಾರು?"

ಡುಫಿಯೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಡೋಮಾಕೊ ಬೆಲ್ಟನ್ನು ಚೆನ್ನಾಗಿ ಒರೆಸಿದ. "ಈಗ ಕೀಲಿ ತಿರುಗಿಸಿ."

ಕಾರು ಕಿರುಚಿತು. ಪಕ್ಕದ ಮನೆಯ ಆಡು ಬೆಚ್ಚಿ ಹಾರಿತು. ಅಡೋಮಾಕೊ ಅವಳತ್ತ ತಿರುಗಿ, ಗದ್ದಲದ ನಡುವೆ ಗಟ್ಟಿಯಾಗಿ ಹೇಳಿದ, "ಕೇಳಿಸ್ತಿದೆ ಮೇಡಂ. ಚೆನ್ನಾಗಿ ಕೇಳಿಸ್ತಿದೆ."

ಅಷ್ಟೇ ಮಾತು... ಡುಫಿಯೆಯ ಕಣ್ಣು ತುಂಬಿಬಂತು. ಹಿಟ್ಟು ಮೆತ್ತಿದ ಕೈಯಲ್ಲಿ ಒರೆಸಿಕೊಳ್ಳಲೂ ಆಗಲಿಲ್ಲ.

ಅವನು ಓಡುತ್ತಿದ್ದ ಬೆಲ್ಟಿನ ಮೇಲೆ ಸ್ವಲ್ಪ ನೀರು ಚಿಮುಕಿಸಿದ. ಸದ್ದು ಗಪ್ಪೆಂದಿತು. ಮರುಕ್ಷಣವೇ ಮತ್ತೆ ಬಂತು.

"ನೀರು ಬಿದ್ದು ಸದ್ದು ಹೆಚ್ಚಾಗಿದ್ರೆ ಬೆಲ್ಟ್ ಸಡಿಲ ಅಂತಿದ್ದೆ. ಅಡಗಿ ಮತ್ತೆ ಬಂತಲ್ಲ, ಬೆಲ್ಟ್ ಸುತ್ತೋ ಯಾವುದೋ ಗಾಲಿ ಓರೆಯಾಗಿದೆ."

ಇಂಜಿನ್ ನಿಲ್ಲಿಸಿ, ಬೆಲ್ಟ್ ಕಳಚಿ, ಅದು ಹಾದುಹೋಗುವ ಗಾಲಿಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿದ. ಬೆಲ್ಟನ್ನು ಬಿಗಿ ಹಿಡಿಯುವ ಗಾಲಿಯ ಬಳಿ ಅವನ ಕೈ ನಿಂತಿತು. ಅವಳ ಬೆರಳನ್ನು ಹಿಡಿದು ಅದರ ಮೇಲಿಟ್ಟ. ಗಾಲಿ ಅಲ್ಲಾಡುತ್ತಿತ್ತು, ಒಳಗೆ ಮರಳು ಅರೆದಂತೆ ಕರಕರ ಎನ್ನುತ್ತಿತ್ತು.

"ಬೇರಿಂಗ್ ಸವೆದಿದೆ. ಬೆಲ್ಟಿನ ಅಂಚು ನೋಡಿ, ಎಳೆ ಎಳೆಯಾಗಿದೆ. ಘಟ್ಟದಲ್ಲಿ ಕಿತ್ತುಹೋಗಿದ್ರೆ ಸ್ಟೀರಿಂಗ್ ಕಲ್ಲಾಗ್ತಿತ್ತು, ನೀರಿನ ಪಂಪ್ ನಿಂತು ಇಂಜಿನ್ ಕುದೀತಿತ್ತು."

ಅಮ್ಮ ಸಾಬೂನನ್ನು ಮೆಲ್ಲಗೆ ಸೊಂಟಕ್ಕೆ ಸುತ್ತಿದ ಬಟ್ಟೆಯೊಳಗೆ ಅಡಗಿಸಿ ಒಳಗೆ ನಡೆದಳು.

ಬೆರಳು ಇನ್ನೂ ಅಲ್ಲೇ ಇತ್ತು. ಅವನ ಕೈಯೂ.

"ನೆನ್ನೆ ನೀವು ನಂಬಲಿಲ್ಲ," ಅಂದಳು.

"ನನಗೆ ಕೇಳಿಸ್ತಿಲ್ಲ ಅಂದೆ. ಸದ್ದೇ ಇಲ್ಲ ಅನ್ನಲಿಲ್ಲ." ಅವನ ದನಿ ತಗ್ಗಿತು. "ಸದ್ದಿರೋ ಕಡೆ ನಾನೇ ಹೋಗಿ ಕೇಳಬೇಕು ಅಂತ ಹೇಳೋಷ್ಟರಲ್ಲಿ ನೀವು ಹೊರಟುಹೋದ್ರಿ. ರಾತ್ರಿಯೆಲ್ಲಾ ಅದೇ ಚಿಂತೆ... ಶನಿವಾರದ ಘಟ್ಟ, ಆ ಬೆಲ್ಟು, ನೀವು."

ಎಷ್ಟು ವರ್ಷವಾಗಿತ್ತು, ತಾನು ಕೇಳಿದ್ದನ್ನು ಕೇಳಲೆಂದು ಯಾರಾದರೂ ತನ್ನ ಬಾಗಿಲಿಗೆ ಬಂದು!

ಮಧ್ಯಾಹ್ನ ಅವನು ಹೊಸ ಗಾಲಿ, ಹೊಸ ಬೆಲ್ಟು ತಂದು ಕೂರಿಸಿದ. ಇಂಜಿನ್ ಮೃದುವಾಗಿ ಗುನುಗಿತು. ಅವಳು ಬಿಸಿ ಬ್ರೆಡ್ ತಂದು ಕೈಗಿತ್ತಳು. ಅವನು ತಿನ್ನದೆ ಹಾಗೇ ಹಿಡಿದು ನಿಂತ.

"ಯಾಕೆ ಮಾಸ್ಟರ್, ಮತ್ತೇನಾದರೂ ಕೆಟ್ಟಿದೆಯಾ?"

"ಇಲ್ಲ. ಎಲ್ಲಾ ಸರಿಹೋಯ್ತು, ಅದೇ ತೊಂದರೆ. ಇನ್ನು ನೀವು ಬರೋಕೆ ಕಾರಣವೇ ಇಲ್ವಲ್ಲ..."

ಡುಫಿಯೆ ತಲೆ ತಗ್ಗಿಸಿ ಉಗುರಿನ ಹಿಟ್ಟು ಕೆರೆದಳು. ಎದೆ ಮತ್ತೆ ಡವಗುಟ್ಟಿತು. ಈ ಸಲ ಆ ಸದ್ದನ್ನು ಅವಳು ನಂಬಿದಳು.

"ನಿಮಗೆ ಸೋದರಮಾವ ಇದ್ದಾರಾ?"

ಪ್ರಶ್ನೆಯ ಅರ್ಥ ಅವನಿಗೆ ಥಟ್ಟನೆ ಹೊಳೆಯಿತು. ಅವರ ಪದ್ಧತಿಯಲ್ಲಿ ಹೆಣ್ಣು ಕೇಳಲು ಬಾಗಿಲು ತಟ್ಟುವವನು ಸೋದರಮಾವನೇ ತಾನೆ. "ಇದ್ದಾರೆ."

"ನಾವು ದುಃಖದ ಕಪ್ಪು ಬಟ್ಟೆ ತೆಗೆದ ಮೇಲೆ ಅವರನ್ನ ಕರ್ಕೊಂಡು ಬನ್ನಿ. ಬಾಗಿಲು ತಟ್ಟಲಿ."

"ವಯಸ್ಸಾಗಿದೆ ಅವರಿಗೆ, ಕೈಯಲ್ಲಿ ಬಲ ಇಲ್ಲ. ಮೆಲ್ಲಗೆ ತಟ್ಟಿದ್ರೆ ಒಳಗೆ ಯಾರಿಗೂ ಕೇಳಿಸದೇ ಹೋದ್ರೆ?"

"ಯಾರಿಗೂ ಕೇಳಿಸದಿದ್ರೂ ಪರವಾಗಿಲ್ಲ," ಡುಫಿಯೆ ಮೊದಲ ಸಲ ಅವನ ಕಣ್ಣನ್ನೇ ನೋಡಿ ನಕ್ಕಳು. "ನನಗೆ ಕೇಳಿಸುತ್ತೆ."