ಡಿಪೋ ಕ್ಯಾತಪ್ಪನ ಹೊಸ ತಕ್ಕಡಿ

೧೯೮೭ರ ಜುಲೈ ೧೪, ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ. ಬಡವನಹಳ್ಳಿ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಕದಿರಯ್ಯ ಕಾಫಿ ಲೋಟಕ್ಕೆ ಇನ್ನೂ ಬಾಯಿಟ್ಟಿರಲಿಲ್ಲ, ಅಷ್ಟರಲ್ಲಿ ರೇಷನ್ ಡಿಪೋದ ಕ್ಯಾತಪ್ಪ ಬಾಗಿಲಲ್ಲಿ ನಿಂತು ಹೋ ಎಂದು ಅತ್ತುಬಿಟ್ಟ. ಐವತ್ತು ದಾಟಿದ, ಗಿರಿಜಾ ಮೀಸೆಯ ಗಂಡಸು ಹಾಗೆ ಅಳುವುದನ್ನು ಕಂಡು ಕಾನ್‌ಸ್ಟೇಬಲ್ ಗಂಗಣ್ಣ ಮನೆಯಲ್ಲಿ ಸಾವಾಗಿದೆ ಎಂದೇ ತಿಳಿದ.

"ಯಾರಪ್ಪ ಹೋಗಿದ್ದು?"

"ತಕ್ಕಡಿ ಹೋಯ್ತು ಕಣಣ್ಣ! ಹೊಸಾ ತಕ್ಕಡಿ!"

ಗಂಗಣ್ಣನಿಗೆ ನಗು ತಡೆಯಲಾಗಲಿಲ್ಲ. ಕದಿರಯ್ಯನವರು ನಗಲಿಲ್ಲ. ಕಾರ್ಡು ಹಿಡಿದು ಬರುವವರಿಗೆ ತೂಕದಲ್ಲಿ ಮೋಸವಾಗುತ್ತಿದೆ ಎಂಬ ದೂರುಗಳು ಹೆಚ್ಚಾಗಿ, ಡಿಪೋಗಳವರು ಕೈತಕ್ಕಡಿ ಬಿಟ್ಟು ಮೇಜಿನ ಮೇಲೆ ಕೂರುವ ತಕ್ಕಡಿ ಇಡಬೇಕೆಂದು ಆದೇಶವಾಗಿತ್ತು. ಯಾರೂ ಅದರೊಳಗೆ ಕೈಯಾಡಿಸದಂತೆ ಇಲಾಖೆಯವರು ಸೀಸದ ಮುದ್ರೆ ಒತ್ತುತ್ತಿದ್ದರು. ಮುದ್ರೆಯ ಕ್ಯಾಂಪು ಮಧುಗಿರಿಯಲ್ಲಿ, ಬುಧವಾರವೇ ಕೊನೆಯ ದಿನ. ಮುದ್ರೆ ಇಲ್ಲದವರ ಡಿಪೋ ಬೇರೆಯವರ ಪಾಲು. ಕ್ಯಾತಪ್ಪ ಎರಡು ಟಗರು ಮಾರಿ ತುಮಕೂರಿನಿಂದ ತಕ್ಕಡಿ ತಂದಿದ್ದನ್ನು ಊರೆಲ್ಲ ನೋಡಿತ್ತು.

ದೂರು ಬರೆಸಿಕೊಂಡು, ಕಲಂ ೩೮೦ರಡಿ ಎಫ್‌ಐಆರ್ ದಾಖಲಿಸಿ, ಪ್ರತಿಯನ್ನು ಮಧುಗಿರಿ ಕೋರ್ಟಿಗೆ ಕಳಿಸಿ, ಒಂಬತ್ತೂವರೆಗೆ ಕದಿರಯ್ಯನವರು ಸ್ಥಳಕ್ಕೆ ಬಂದರು. ಮನೆಯ ಮುಂಭಾಗವೇ ಡಿಪೋ. ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು ಗಂಗಣ್ಣ ಪಂಚನಾಮೆ ಬರೆಯತೊಡಗಿದ. ಬೀಗ ಮುರಿದಿಲ್ಲ. ಗಲ್ಲಾಪೆಟ್ಟಿಗೆ ಮುಟ್ಟಿಲ್ಲ. ಸಕ್ಕರೆ ಮೂಟೆಗೆ ಇರುವೆ ಹತ್ತದಂತೆ ಯಾರೋ ಬಾಯಿ ಕಟ್ಟಿದ್ದಾರೆ. ನೆಲ ಗುಡಿಸಿದೆ. ಅಟ್ಟಕ್ಕೆ ಹಾಕಿದ್ದ ಹಳೆಯ ಕೈತಕ್ಕಡಿಯನ್ನು ಇಳಿಸಿ, ಒರೆಸಿ, ಮೊದಲಿನ ಮೊಳೆಗೇ ತಗುಲಿಸಲಾಗಿದೆ.

"ಏನ್ ಸಾರ್ ಇದು, ಕಳ್ಳತನಕ್ಕೆ ಬಂದೋನು ಕಸ ಗುಡಿಸಿ ಹೋಗವ್ನೆ," ಎಂದ ಗಂಗಣ್ಣ.

ಕ್ಯಾತಪ್ಪನ ಗುಮಾನಿಯೆಲ್ಲ ಎದುರು ಹೋಟೆಲಿನ ಅಡವಯ್ಯನ ಮೇಲೆ. ಡಿಪೋಗೆ ಅವನೂ ಅರ್ಜಿ ಹಾಕಿದ್ದನಂತೆ. ಅಡವಯ್ಯನನ್ನು ಕರೆಸಿದರು.

"ನಿನ್ನೆ ಎಲ್ಲಿದ್ದೆ?"

"ಸಿರಾದಲ್ಲಿ ಸ್ವಾಮಿ, ಮಗಳ ಬಾಣಂತನಕ್ಕೆ. ಈಗ ಫಸ್ಟ್ ಬಸ್ಸಿಗೆ ಇಳ್ದೆ. ಕಂಡಕ್ಟ್ರನ್ನೇ ಕೇಳಿ."

ಕಂಡಕ್ಟರ್ ಅವನದೇ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದ. ಹೌದೆಂದ. ಅಲ್ಲಿಗೆ ಆ ದಾರಿ ಮುಗಿಯಿತು.

"ಬೀಗದ ಕೈ ಎಲ್ಲಿರುತ್ತೆ?" ಕದಿರಯ್ಯ ಕ್ಯಾತಪ್ಪನನ್ನು ಕೇಳಿದರು.

"ಉಡ್ದಾರದಲ್ಲೇ ಸ್ವಾಮಿ."

"ಬಿಚ್ಚೋದೇ ಇಲ್ವಾ?"

"ನೀರ್ ಹಾಕ್ಕಳ್ಳೋವಾಗ ಗೂಟಕ್ಕೆ ಹಾಕ್ತೀನಿ. ನೆನ್ನೆ ಸೋಮ್ವಾರ, ಡಿಪೋ ರಜ. ನಮ್ಮ ಮನೆಯವ್ಳು ಈರಕ್ಕ ತಲೆಗೆ ಎಣ್ಣೆ ಬಡ್ದು, ಚೆಂದಾಗಿ ನೆನೀರಿ ಅಂತ ಹಿತ್ಲಲ್ಲಿ ಕುಂಡ್ರಿಸ್ಬುಟ್ಲು. ಕಣ್ಣೆಲ್ಲ ಎಣ್ಣೆ. ಅಂಗೇ ಜೊಂಪು ಹತ್ಬುಡ್ತು."

ಕದಿರಯ್ಯನವರ ಕಿವಿ ನೆಟ್ಟಗಾಯಿತು. ಅಷ್ಟರಲ್ಲಿ ಕಾರ್ಡಿನವರು ಚೀಲ ಹಿಡಿದು ಬಂದು ಸೇರಿದ್ದರು. ಮುಂದೆ ನಿಂತಿದ್ದ ಕೆಂಚಮ್ಮ, "ಕಳ್ಳನ್ನ ಆಮೇಲ್ ಹಿಡೀರಪ್ಪ, ನಮ್ಗೆ ಅಕ್ಕಿ ಅಳೀರಿ," ಎಂದು ಜೋರು ಮಾಡಿದಳು. ಕದಿರಯ್ಯ, ಇವತ್ತಿಗೆ ಹಳೆಯದರಲ್ಲೇ ತೂಗು ಎಂದರು. ಗೋಡೆಗೆ ಒರಗಿ ನೋಡುತ್ತ ನಿಂತರು.

ಕ್ಯಾತಪ್ಪ ಕೈತಕ್ಕಡಿ ಎತ್ತಿ ಹಿಡಿದ. ಹೆಂಡತಿ ಈರಕ್ಕ ಒಂದು ತಟ್ಟೆಗೆ ತೂಕದ ಬಟ್ಟಿಟ್ಟು ಇನ್ನೊಂದಕ್ಕೆ ಮೊರದಿಂದ ಅಕ್ಕಿ ಸುರಿದಳು. ಅವನ ತೋಳು ಸೋಲುವ ಮೊದಲೇ ಅವಳು "ಇಳ್ಸಿ" ಅನ್ನುತ್ತಿದ್ದಳು. ನಡುನಡುವೆ ಅವನು ಯಾರ ಮನೆಯದೋ ಸುದ್ದಿ ಎತ್ತುವುದು, ಅವಳು ಅದಕ್ಕೆ ಬಾಲ ಸೇರಿಸುವುದು, ಇಬ್ಬರೂ ಕಿಸಕ್ಕನೆ ನಗುವುದು. ಪಾವಗಡದಲ್ಲಿ ಟೀಚರಾಗಿರುವ ಹೆಂಡತಿ ಕದಿರಯ್ಯನವರ ನೆನಪಿಗೆ ಬಂದಳು. ತಾವು ಇಲ್ಲಿಗೆ ವರ್ಗಾವಣೆಯಾಗಿ ಬಂದಮೇಲೆ ಅವಳೊಂದಿಗೆ ಹೀಗೆ ನಕ್ಕು ಎಷ್ಟು ದಿನವಾಯಿತೋ ಎಂದು ಲೆಕ್ಕ ಹಾಕಿದರು.

"ಹೊಸಾದ್ರಲ್ಲಿ ಈ ಪಾಡಿಲ್ಲ ಸ್ವಾಮಿ," ಎಂದ ಕ್ಯಾತಪ್ಪ. "ಒಬ್ನೇ ತೂಗ್ಬೋದು. ಪಾಪ, ಇವ್ಳಿಗೆ ಮಂಡಿ ನೋವು. ನಾಳಿದ್ದರಿಂದ ಬರ್ಬ್ಯಾಡ, ಮನೇಲಿ ಆರಾಮಾಗಿ ಕುಂತ್ಕೋ ಅಂದಿದ್ದೆ."

ಈರಕ್ಕನ ಕೈಯಿಂದ ಅಕ್ಕಿಯ ಮೊರ ತಪ್ಪಿ ನೆಲಕ್ಕೆ ಬಿತ್ತು. ಕದಿರಯ್ಯ ಆಕೆಯನ್ನು ಹಿತ್ತಿಲಿಗೆ ಕರೆದರು. ಜೊತೆಗೆ ಕೆಂಚಮ್ಮನನ್ನೂ ನಿಲ್ಲಿಸಿಕೊಂಡರು.

"ತಕ್ಕಡಿ ಎಲ್ಲಿದೆಯಮ್ಮ?"

"ನಂಗೇನ್ ಗೊತ್ತು?"

"ನಾಳೆಯೊಳಗೆ ಮುದ್ರೆ ಬೀಳದಿದ್ರೆ ಡಿಪೋ ನಿಮ್ಮ ಕೈ ತಪ್ಪುತ್ತೆ. ಅದಾದ್ರೂ ಗೊತ್ತಾ?"

ಈರಕ್ಕನ ಮುಖ ಬಿಳಿಚಿಕೊಂಡಿತು. "ಯಾರ್ ಯೋಳಿದ್ದು?"

"ಆದೇಶದಲ್ಲೇ ಇದೆ. ಅವನು ಹೇಳಲಿಲ್ವಾ?"

"ಇಲ್ಲ ಸ್ವಾಮಿ. ಹಳೇದು ಬ್ಯಾಡ್ವಂತೆ ಅಂದ್ರು, ಅಷ್ಟೆಯ."

ಹೆಂಗಸಿಗೇಕೆ ಚಿಂತೆ ಎಂದು ಕ್ಯಾತಪ್ಪ ಲೈಸೆನ್ಸಿನ ಮಾತನ್ನು ನುಂಗಿಕೊಂಡಿದ್ದ. ಈರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಳಗೆ ಹೋಗಿ, ರಾಗಿ ತುಂಬಿದ್ದ ಮಣ್ಣಿನ ವಾಡೆಗೆ ತೋಳು ಇಳಿಬಿಟ್ಟು ಹಳೆಯ ಸೀರೆಯ ಗಂಟೊಂದನ್ನು ಎಳೆದಳು. ತಕ್ಕಡಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ಯಾಕಮ್ಮ ಹಿಂಗೆ ಮಾಡಿದೆ?"

"ಮದ್ವೆಯಾದಾಗಿಂದ ಅವ್ರ ಪಕ್ಕದಾಗೇ ನಿಂತೀವ್ನಿ ಸ್ವಾಮಿ. ಮಾತು, ನಗು, ಜಗ್ಳ ಎಲ್ಲ ಅಂಗ್ಡೀಲೇ. ಮನೆಗೆ ಬಂದ್ರೆ ಉಂಡು ಮನಿಕ್ಕಂತಾರೆ. ಹೆಣ್ಮಕ್ಳು ಗಂಡನ ಮನೆ ಸೇರ್ಕಂಡ್ರು. ನಾನು ಒಳಗೆ ಕುಂತು ಗೋಡೆ ಜೊತೆ ಮಾತಾಡ್ಲಾ?"

ಕೆಂಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹನ್ನೆರಡು ಗಂಟೆಗೆ ಮಾಲು ಜಪ್ತಿ ಮಾಡಿ, ಆರೋಪಿ ಈರಕ್ಕಳನ್ನು ದಸ್ತಗಿರಿ ಮಾಡಲಾಯಿತು. ಸುದ್ದಿ ಕೇಳಿ ಕ್ಯಾತಪ್ಪ, "ಲೇ, ನಿಂಗೇನ್ ಬಂದಿತ್ತೇ!" ಎಂದು ಕೂಗಿದ. ಕಾರಣ ಕೇಳಿದ ಮೇಲೆ ಕದಿರಯ್ಯನವರ ಕಡೆ ತಿರುಗಿ ಕೈಮುಗಿದ.

"ಕೇಸು ವಾಪಸ್ ತಗಂತೀನಿ ಸ್ವಾಮಿ. ಬುಟ್ಬುಡಿ."

"ಎಫ್‌ಐಆರ್ ಕೋರ್ಟಿಗೆ ಹೋಗಿದೆ ಕ್ಯಾತಪ್ಪ. ಜಪ್ತಿಯಾದ ಮಾಲೂ ಕೋರ್ಟಿಗೇ ಸೇರುತ್ತೆ. ಅದು ಅಲ್ಲೇ ಉಳಿದ್ರೆ ಮುದ್ರೆಯ ಗಡುವು ಮುಗಿದು ಹೋಗುತ್ತೆ. ಏಳು, ಈಗಿನ ಬಸ್ಸಿಗೇ ಹೋಗೋಣ."

ಮಧುಗಿರಿ ಬಸ್ಸಿನಲ್ಲಿ ಗಂಗಣ್ಣ ತಕ್ಕಡಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತ. ಹಿಂದಿನ ಸೀಟಿನಲ್ಲಿ ದೂರುದಾರ ಕಡ್ಲೆಕಾಯಿ ಸುಲಿದು ಸುಲಿದು ಆರೋಪಿಯ ಕೈಗೆ ಹಾಕುತ್ತಿದ್ದ. ಕದಿರಯ್ಯ ನೋಡಿಯೂ ನೋಡದಂತೆ ಕಿಟಕಿಯ ಕಡೆ ತಿರುಗಿದರು. ಕೋರ್ಟಿನ ಜಗಲಿಯಲ್ಲಿ ಕೂತು ವರದಿ ಬರೆಯುವಾಗ ಉದ್ದೇಶವೆಂಬಲ್ಲಿ ಪೆನ್ನು ನಿಂತಿತು. ಕೊನೆಗೆ ಬರೆದರು: "ಆರೋಪಿಗೆ ಲಾಭದ ಆಸೆ ಇರಲಿಲ್ಲ. ಗಂಡನ ಪಕ್ಕದ ಜಾಗ ತಪ್ಪಿಹೋಗುತ್ತದೆಂಬ ಭಯದಿಂದ ಕೃತ್ಯ ಎಸಗಿರುತ್ತಾಳೆ."

ಮ್ಯಾಜಿಸ್ಟ್ರೇಟರು ಅದನ್ನು ಎರಡು ಸಲ ಓದಿದರು. ಕ್ಯಾತಪ್ಪನ ಜಾಮೀನಿನ ಮೇಲೆ ಈರಕ್ಕಳನ್ನು ಬಿಟ್ಟರು. ಕೇಸನ್ನು ರಾಜಿ ಮಾಡಿಕೊಳ್ಳಲು ಅರ್ಜಿ ಹಾಕಿಕೊಳ್ಳಿ ಎಂದರು. ನಂತರ ಕನ್ನಡಕ ತೆಗೆದು ಕೇಳಿದರು:

"ತಕ್ಕಡಿ ಈಗಲೇ ಬಿಡುಗಡೆ ಮಾಡ್ತೀನಿ, ನಾಳೆ ಮುದ್ರೆ ಹಾಕಿಸ್ಕೊ. ನಿನ್ನ ವಶಕ್ಕೆ ತಾನೆ?"

ಕ್ಯಾತಪ್ಪ ಮೀಸೆ ಒರೆಸಿಕೊಂಡು ಮುಂದೆ ಬಂದ. "ಬ್ಯಾಡಿ ಬುದ್ಧಿ. ಅವ್ಳ ವಶಕ್ಕೇ ಕೊಡಿ. ಇನ್ಮೇಲೆ ತೂಗೋಳು ಅವ್ಳೇ, ಸ್ಟೂಲ್ ಹಾಕ್ಸಿ ಕುಂಡ್ರಿಸ್ತೀನಿ. ನಾನು ಪಕ್ದಲ್ಲಿ ಚೀಲ ಹಿಡ್ಕಂತೀನಿ."

ಈರಕ್ಕ ತಲೆ ಎತ್ತದೆ ಮೂಗೊರೆಸಿಕೊಂಡಳು.

"ಅವ್ರಿಗೆ ಚೀಲ ನೆಟ್ಟಗೆ ಹಿಡಿಯಾಕೂ ಬರಾಕಿಲ್ಲ ಸ್ವಾಮಿ," ಎಂದಳು. "ಅದ್ನೂ ನಾನೇ ಕಲಿಸ್ಬೇಕು."