ಕಣ್ಣೀರು ಸುರಿಸಿದ ನಲವತ್ತು ಕುದುರೆಗಳು

“ಆಮೇಲೆ ಹಲ್ಲಿನ ಡಾಕ್ಟರು ಮೆಲ್ಲಗೆ ಹಲ್ಲು ಎಳೆದರು. ಹಲ್ಲಿನ ಜೊತೆ ದವಡೆಯ ಚೂರೂ ಕೈಗೆ ಬಂತು.”

ಇಡೀ ಕ್ಲಾಸು ಒಟ್ಟಿಗೆ ಅಯ್ಯೋ ಎಂದಿತು. ಕಿಟಕಿ ಪಕ್ಕದ ಹುಡುಗ ತನ್ನ ದವಡೆಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡ, ಅದೂ ಎಲ್ಲಿ ಕಳಚಿ ಬೀಳುತ್ತದೋ ಎಂಬಂತೆ.

ಬೋರ್ಡಿನ ಮುಂದೆ ನಿಂತಿದ್ದ ಪಿಟೀಲು ಒಳಗೊಳಗೇ ಕುಣಿದಳು. ಪಿಟೀಲು ಎನ್ನುವುದು ಅವಳ ನಿಜವಾದ ಹೆಸರಲ್ಲ. ಬಾಯಿ ತೆರೆದರೆ ಸಾಕು, ಕೇಳುವವರು ಕೈಮುಗಿಯುವ ತನಕ ಕುಯ್ಯುತ್ತಾಳೆ ಎಂದು ಗೆಳತಿಯರು ಇಟ್ಟ ಹೆಸರು. ಈಗ ಅಮ್ಮನೂ ಹಾಗೇ ಕರೆಯುತ್ತಾಳೆ.

ಪ್ರತಿ ಶುಕ್ರವಾರ ಕೊನೆಯ ಪೀರಿಯಡ್ಡಿನಲ್ಲಿ ಯಾರಾದರೊಬ್ಬರು ಇತಿಹಾಸದ ಒಂದು ಸಂಗತಿ ಹೇಳಬೇಕು. ಪಾಠದ ಪುಸ್ತಕದಲ್ಲಿ ಇರಬಾರದು, ಸುಳ್ಳೂ ಆಗಿರಬಾರದು. ಇದು ಮಿಸ್ ಹಾಕಿದ ರೂಲ್ಸು. ಯಾರಿಗೆ ಹೆಚ್ಚು ಅಯ್ಯೋ ಬೀಳುತ್ತದೋ ಅವರೇ ಗೆದ್ದಂತೆ ಎನ್ನುವುದು ಮಕ್ಕಳೇ ಸೇರಿಸಿಕೊಂಡ ರೂಲ್ಸು. ಒಂದು ಕಾಲದಲ್ಲಿ ಕ್ಷೌರ ಮಾಡುವವರೇ ಜನರ ಕೈಕಾಲನ್ನೂ ಕತ್ತರಿಸುತ್ತಿದ್ದರು ಎಂದವನಿಗೆ ಐದು ಅಯ್ಯೋ ಬಿದ್ದಿತ್ತು. ಯುದ್ಧದಲ್ಲಿ ಸತ್ತ ಸೈನಿಕರ ಹಲ್ಲು ಕಿತ್ತು ದುಡ್ಡಿದ್ದವರಿಗೆ ಹಲ್ಲುಸೆಟ್ಟು ಮಾಡುತ್ತಿದ್ದರು ಎಂದವಳಿಗೆ ಒಂಬತ್ತು. ಅವರನ್ನು ಸೋಲಿಸಲೇಬೇಕೆಂದು ಪಿಟೀಲು ಲೈಬ್ರರಿಯಿಂದ ದಪ್ಪ ಪುಸ್ತಕವೊಂದನ್ನು ಹೊತ್ತು ತಂದು, ಎರಡು ವಾರ ತಡಕಾಡಿ, ಈ ಸಂಗತಿಯನ್ನು ಹೆಕ್ಕಿದ್ದಳು.

ಬೇರೆ ದೇಶದಲ್ಲಿ ನಡೆದ, ನೂರು ವರ್ಷಗಳ ಹಿಂದಿನ ಮಾತು. ಕತ್ತಲಲ್ಲೂ ಹೊಳೆಯುವ ಗಡಿಯಾರ ಮಾಡುವ ಕಾರ್ಖಾನೆ. ಗಡಿಯಾರದ ಅಂಕಿಗಳಿಗೆ ರೇಡಿಯಂ ಬೆರೆಸಿದ ಬಣ್ಣ ಹಚ್ಚಲು ನೂರಾರು ಹುಡುಗಿಯರಿದ್ದರು. ಬಣ್ಣ ವಿಷ ಎಂದು ಅವರಿಗೆ ಯಾರೂ ಹೇಳಲಿಲ್ಲ, ಅದೇ ಅವರ ಹಲ್ಲು, ದವಡೆ ತಿಂದುಹಾಕಿತು. ಅದನ್ನು ತಯಾರಿಸುವ ದೊಡ್ಡ ದೊಡ್ಡ ಮನುಷ್ಯರು ಮಾತ್ರ ಸೀಸದ ತಡಿಕೆಯ ಹಿಂದೆ ನಿಂತು, ಇಕ್ಕಳದಲ್ಲಿ ಹಿಡಿದು ಕೆಲಸ ಮಾಡುತ್ತಿದ್ದರು.

“ಆ ಬಣ್ಣ ಬಾಯೊಳಗೆ ಹೆಂಗೆ ಹೋಯ್ತು? ಕುಡಿದ್ರಾ?” ಎಂದು ಕಿಟಕಿ ಪಕ್ಕದ ಹುಡುಗ ಕೇಳಿದ.

“ಕುಡೀಲಿಲ್ಲ. ಅಂಕಿ ದಾರದಷ್ಟು ಸಣ್ಣ ಇರ್ತಿತ್ತು. ಬ್ರಷ್ಷಿನ ಮೊನೆ ಚೂಪಾಗಿರಬೇಕಲ್ಲ, ಅದಕ್ಕೆ ತುಟೀಲಿ ಇಟ್ಕೊಂಡು ಚೂಪು ಮಾಡಿ ಅಂತ ಮೇಲಿನವರೇ ಕಲಿಸಿದ್ರು. ಏನೂ ಆಗಲ್ಲ, ಕೆನ್ನೆ ಕೆಂಪಗಾಗುತ್ತೆ ಅಂದ್ರು. ಹೀಗೆ.”

ಪಿಟೀಲು ಪೆನ್ಸಿಲನ್ನೇ ಬ್ರಷ್ ಮಾಡಿಕೊಂಡು ತೋರಿಸಿದಳು. ತುಟಿ ಚೂಪಾದವು, ಮೊನೆ ಒಳಗೆ ಹೋಯಿತು, ಎರಡು ಬೆರಳು ಅರ್ಧ ಸುತ್ತು ತಿರುಗಿಸಿದವು, ಮೊನೆ ಹೊರಗೆ ಬಂತು.

ಕೈ ಅಲ್ಲೇ ನಿಂತಿತು.

ಪುಸ್ತಕದಲ್ಲಿ ಇದರ ಚಿತ್ರ ಇರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಬೆರಳಿಗೆ ಬಾಯಿಪಾಠ ಬಂದಂತೆ ಬಂದಿತ್ತು. ಇದು ದಿನಾ ನೋಡಿದ ಕೈ. ಅಮ್ಮನ ಕೈ.

ಕ್ಲಾಸು ಚಪ್ಪಾಳೆ ತಟ್ಟುತ್ತಿತ್ತು. ಹನ್ನೆರಡು ಅಯ್ಯೋ, ಈ ವರ್ಷದ ರೆಕಾರ್ಡು ಎಂದು ಯಾರೋ ಕೂಗಿದರು. ಪಿಟೀಲು ಬಾಯಿಗೆ ಬೀಗ ಹಾಕಿಕೊಂಡು ಹೋಗಿ ಬೆಂಚಿನಲ್ಲಿ ಕೂತಳು.

ಶಾಲೆಯ ಹಿಂದಿನ ಗಲ್ಲಿಯಲ್ಲೇ ಮರದ ಆಟಿಕೆಯ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಉದ್ದನೆಯ ಒಂದು ಕೋಣೆ. ಅಮ್ಮ ಮತ್ತು ದೊಡ್ಡಕ್ಕ ಕಿಟಕಿಯ ಬೆಳಕಿಗೆ ಕೂತು ಕುದುರೆಗಳಿಗೆ ಕಣ್ಣು ಬರೆಯುತ್ತಾರೆ. ದೊಡ್ಡಕ್ಕ ಅಮ್ಮನಿಗಿಂತ ಹತ್ತು ವರ್ಷ ಹಿರಿಯಳು, ಸಂಬಂಧಿಯಲ್ಲ, ಆದರೂ ಎಲ್ಲರಿಗೂ ದೊಡ್ಡಕ್ಕ. ಎಡಗಣ್ಣು ಅಮ್ಮನದು, ಬಲಗಣ್ಣು ದೊಡ್ಡಕ್ಕನದು. ಬಿಳಿ ಬೊಟ್ಟು, ಅದರ ನಡುವೆ ಕಪ್ಪು ಚುಕ್ಕೆ, ಮೇಲೆ ಮೂರು ರೆಪ್ಪೆ. ಆ ರೆಪ್ಪೆಗೇ ಬ್ರಷ್ ಬಾಯಿಗೆ ಹೋಗಬೇಕು. ಅದ್ದು, ತುಟಿಗಿಡು, ಎಳೆ. ಅದ್ದು, ತುಟಿಗಿಡು, ಎಳೆ.

ಪಿಟೀಲು ಬ್ಯಾಗು ಕೆಳಗಿಡದೆ ಕತೆಯೆಲ್ಲ ಒಪ್ಪಿಸಿದಳು. ಅಮ್ಮ ನಕ್ಕಳು. ನಮ್ಮದು ಬರೀ ನೀರು ಬಣ್ಣ, ಕತ್ತಲಲ್ಲಿ ಹೊಳೆಯೋದೂ ಇಲ್ಲ ಎಂದಳು. ಹಾಗಾದರೆ ಅದರಲ್ಲಿ ಏನೇನಿದೆ ಎಂದು ಮಗಳು ಪಟ್ಟು ಹಿಡಿದಳು. ಅಮ್ಮ ದೊಡ್ಡಕ್ಕನ ಮುಖ ನೋಡಿದಳು, ದೊಡ್ಡಕ್ಕ ಅಮ್ಮನ ಮುಖ ನೋಡಿದಳು. ಮಾಲೀಕರು ಬೆಳಿಗ್ಗೆ ಬೆಳಿಗ್ಗೆ ಮೂಲೆಯ ಡ್ರಮ್ಮಿನಿಂದ ಬಟ್ಟಲಿಗೆ ಸುರಿದು ಕೊಡುತ್ತಾರೆ, ಇಬ್ಬರಿಗೂ ಗೊತ್ತಿದ್ದದ್ದು ಅಷ್ಟೇ.

“ಬಣ್ಣದಲ್ಲಿ ಬಣ್ಣ ಇರುತ್ತೆ ಕಣೇ,” ಎಂದಳು ಅಮ್ಮ. “ಹನ್ನೆರಡು ವರ್ಷದಿಂದ ನೆಕ್ತಾ ಇದೀನಿ. ಏನಾಗಿದೆ ನಂಗೆ?”

“ಬುದ್ಧಿ ಸ್ವಲ್ಪ ಕಮ್ಮಿಯಾಗಿದೆ,” ಎಂದಳು ದೊಡ್ಡಕ್ಕ. ಇಬ್ಬರೂ ಬಿದ್ದೂ ಬಿದ್ದೂ ನಕ್ಕರು. ನಗುತ್ತಲೇ ಇಬ್ಬರ ಬ್ರಷ್ಷೂ ತುಟಿಗೆ ಹೋಯಿತು.

ಪಿಟೀಲಿಗೆ ನಗು ಬರಲಿಲ್ಲ. ಆ ಹುಡುಗಿಯರಿಗೂ ಮೊದಮೊದಲು ಏನೂ ಆಗಿರಲಿಲ್ಲ. ವರ್ಷಗಳಾದ ಮೇಲೆ ಆಗಿತ್ತು.

ಮಾತಿಗೆ ಬಗ್ಗದವರನ್ನು ಹೇಗೆ ಬಗ್ಗಿಸುವುದು ಎಂದು ಅವಳು ತಲೆ ಓಡಿಸಿದಳು. ಉಗುರು ಕಚ್ಚುವ ಚಟ ಬಿಡಿಸಲು ಅಮ್ಮ ಒಮ್ಮೆ ಅವಳ ಬೆರಳಿಗೆ ಸೋಪು ಸವರಿದ್ದಳು. ಮೂರೇ ದಿನಕ್ಕೆ ಚಟ ಬಿಟ್ಟಿತ್ತು. ಅಮ್ಮನ ಔಷಧಿಯನ್ನು ಅಮ್ಮನಿಗೇ ಕೊಟ್ಟರಾಯಿತು.

ಮರುದಿನ ಶಾಲೆಗೆ ರಜೆ. ಮಧ್ಯಾಹ್ನ ಅಮ್ಮ, ದೊಡ್ಡಕ್ಕ ಊಟಕ್ಕೆ ಹಿತ್ತಲಿಗೆ ಹೋದದ್ದೇ ತಡ, ಪಿಟೀಲು ಕೈತೊಳೆಯುವ ಸೋಪನ್ನು ನೀರಲ್ಲಿ ಕಲಸಿ ಗಟ್ಟಿ ಮಾಡಿ, ಆರೂ ಬ್ರಷ್ಷಿನ ಕೂದಲಿಗೆ ಬುಡದವರೆಗೆ ತಿಕ್ಕಿದಳು. ಮೊನೆಗಳನ್ನು ಮೊದಲಿನಂತೆಯೇ ಚೂಪು ಮಾಡಿ ಡಬ್ಬಿಯಲ್ಲಿ ನಿಲ್ಲಿಸಿದಳು. ಆಮೇಲೆ ಏನೂ ಗೊತ್ತಿಲ್ಲದ ಸಾಧುವಿನ ಹಾಗೆ ಮೂಲೆಯಲ್ಲಿ ಕೂತು ಪುಸ್ತಕ ತೆರೆದಳು.

ಊಟ ಮುಗಿಸಿ ಬಂದ ಅಮ್ಮ ಬ್ರಷ್ಷನ್ನು ತುಟಿಗಿಟ್ಟಳು. ಮುಖ ಹಿಂಡಿದ ನಿಂಬೆಹಣ್ಣಾಯಿತು. ಥೂ ಎಂದು ಓಡಿ ಹೋಗಿ ಬಾಯಿ ಮುಕ್ಕಳಿಸಿ ಬಂದು, ಬ್ರಷ್ ಸರಿಯಾಗಿ ತೊಳೆಯೋಕೂ ಬರಲ್ವಾ ಎಂದು ದೊಡ್ಡಕ್ಕನನ್ನು ಬೈದಳು. ಅಷ್ಟರಲ್ಲಿ ದೊಡ್ಡಕ್ಕನೂ ಥೂ ಎಂದಳು. ಇನ್ನು ಬಿಟ್ಟೇಬಿಡುತ್ತಾರೆ ಎಂದು ಪಿಟೀಲು ಪುಸ್ತಕದ ಹಿಂದೆ ನಗು ಬಚ್ಚಿಟ್ಟುಕೊಂಡಳು.

ಬಿಡಲಿಲ್ಲ. ಬ್ರಷ್ಷುಗಳನ್ನು ಬಟ್ಟೆಗೆ ಒರೆಸಿ, ಮುಖ ಕಿವುಚಿಕೊಂಡೇ ಮತ್ತೆ ಬಾಯಿಗಿಟ್ಟರು. ಹನ್ನೆರಡು ವರ್ಷದ ಅಭ್ಯಾಸ ಸೋಪಿಗೆಲ್ಲ ಹೆದರುವಂಥದ್ದಲ್ಲ.

ಆದರೆ ಕೂದಲಿನ ಬುಡದಲ್ಲಿ ಕೂತ ಸೋಪು ಸುಮ್ಮನಿರಲಿಲ್ಲ. ಕಣ್ಣು ಬರೆದ ಕುದುರೆಗಳನ್ನು ಒಣಗಲೆಂದು ಬೆನ್ನ ಹಿಂದಿನ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದರು. ಮೂರೂವರೆ ಹೊತ್ತಿಗೆ ಕೊನೆಯ ಕುದುರೆಯನ್ನಿಡಲು ತಿರುಗಿದ ದೊಡ್ಡಕ್ಕ ಹಾಗೇ ಕಲ್ಲಾಗಿ ನಿಂತಳು.

ನಲವತ್ತು ಕುದುರೆಗಳು ಅಳುತ್ತಿದ್ದವು. ಕಪ್ಪು ಬಣ್ಣ ಕಣ್ಣಿನಲ್ಲಿ ನಿಲ್ಲದೆ ಕೆನ್ನೆ ಮೇಲೆ, ಮೂತಿ ಮೇಲೆ, ಎದೆ ಮೇಲೆ ಉದ್ದುದ್ದ ಇಳಿದಿತ್ತು. ಮನೆಯಲ್ಲಿ ಯಾರೋ ಹೋದ ಸುದ್ದಿ ಬಂದವರ ಹಾಗೆ ನಲವತ್ತೂ ಸಾಲಾಗಿ ನಿಂತಿದ್ದವು.

ಐದಕ್ಕೆ ಆಟಿಕೆ ಅಂಗಡಿಯ ವ್ಯಾನು ಬರುವುದಿತ್ತು.

ಮಾಲೀಕರು ಒಳಗೆ ಬಂದು ನೋಡಿ ಹಣೆ ಹಣೆ ಚಚ್ಚಿಕೊಂಡರು. ಇದೇನಮ್ಮ ಇದು, ಯಾರ ಕೆಲಸ ಇದು ಎಂದು ಕೂಗಾಡಿದರು. ಅಮ್ಮ ಬಾಯಿ ತೆರೆಯುವ ಮೊದಲೇ ಪಿಟೀಲು ಮುಂದೆ ಬಂದಳು. ಸುಳ್ಳು ಹೇಳಲು ಜಾಗವೇ ಇರಲಿಲ್ಲ, ಅವಳ ಉಗುರಿನ ಸಂದಿಯಲ್ಲೇ ಸೋಪಿತ್ತು. ಸೋಪು ಹಚ್ಚಿದ್ದು ನಾನು, ಅಮ್ಮ ಬ್ರಷ್ ನೆಕ್ಕಬಾರದು ಅಂತ ಹಚ್ಚಿದೆ ಎಂದಳು. ಅಮ್ಮ ನಾಚಿಕೆಯಿಂದ ನೆಲ ನೋಡಿದಳು.

ಮಾಲೀಕರಿಗೆ ಒಮ್ಮೆ ಅರ್ಥವೇ ಆಗಲಿಲ್ಲ. ಆದ ಮೇಲೆ ಅವರು ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು, “ನೋಡಮ್ಮ, ಎಲ್ರೂ ಹೀಗೇ ಮಾಡೋದು. ಏನೂ ಆಗಲ್ಲ.”

ಏನೂ ಆಗಲ್ಲ. ಪುಸ್ತಕದಲ್ಲಿದ್ದ ಮಾತು ಚಪ್ಪಲಿ ಹಾಕಿಕೊಂಡು ನಡೆದುಬಂದು ಎದುರಿಗೇ ನಿಂತಂತಾಯಿತು ಪಿಟೀಲಿಗೆ. ಅವಳು ಡಬ್ಬಿಯಿಂದ ಒಂದು ಬ್ರಷ್ ತೆಗೆದು, ಚೆನ್ನಾಗಿ ತೊಳೆದು, ಕಪ್ಪು ಬಣ್ಣಕ್ಕೆ ಅದ್ದಿ, ಎರಡೂ ಕೈಯಲ್ಲಿ ಮಾಲೀಕರ ಮುಂದೆ ಹಿಡಿದಳು.

“ಹಾಗಾದ್ರೆ ನೀವೂ ಒಂದ್ಸಲ ನೆಕ್ಕಿ ಅಂಕಲ್.”

“ಏಯ್,” ಎಂದಳು ಅಮ್ಮ. ದೊಡ್ಡಕ್ಕ ಮಾತ್ರ ಸ್ಟೂಲು ಎಳೆದುಕೊಂಡು, ಸಿನಿಮಾ ಶುರುವಾದಂತೆ ಆರಾಮಾಗಿ ಕೂತಳು.

ಮಾಲೀಕರು ಇಷ್ಟೇನಾ ಎಂಬಂತೆ ಬ್ರಷ್ ತೆಗೆದುಕೊಂಡರು. ತುಟಿಯ ಹತ್ತಿರ ತಂದರು. ಮೂಗು ವಾಸನೆ ಹಿಡಿಯಿತು. ಕಣ್ಣು ಮೂಲೆಯ ಡ್ರಮ್ಮಿನ ಕಡೆ ಹೋಯಿತು. ಬ್ರಷ್ ಮೀಸೆಯ ಹತ್ತಿರ ಎಷ್ಟು ಹೊತ್ತು ನಿಂತಿತೆಂದರೆ, ತುದಿಯಿಂದ ಒಂದು ಹನಿ ಅವರ ಬಿಳಿ ಅಂಗಿಯ ಮೇಲೆ ಬಿತ್ತು.

ಅವರು ಬ್ರಷ್ ಕೆಳಗಿಟ್ಟರು. ಡ್ರಮ್ಮಿನ ಹತ್ತಿರ ಹೋಗಿ ಅದನ್ನು ತಿರುಗಿಸಿದರು. ಇಷ್ಟು ವರ್ಷ ಗೋಡೆಗೆ ಮುಖ ಮಾಡಿದ್ದ ಲೇಬಲ್ಲು ಈ ಕಡೆ ಬಂತು. ಮೇಲೆ ಕಂಪನಿಯ ಹೆಸರು ತಲೆಯಷ್ಟು ದೊಡ್ಡ ಅಕ್ಷರದಲ್ಲಿ. ಕೆಳಗೆ ಇರುವೆ ಸಾಲಿನಂಥ ಅಕ್ಷರಗಳು. ಮನುಷ್ಯರಿಗೆ ಬೇಕಾದ್ದನ್ನೇ ಇರುವೆ ಅಕ್ಷರದಲ್ಲಿ ಬರೆಯುವುದನ್ನು ಇವರಿಗೆಲ್ಲ ಯಾವ ಶಾಲೆಯಲ್ಲಿ ಕಲಿಸುತ್ತಾರೋ.

ಮಾಲೀಕರು ಕನ್ನಡಕ ಹಾಕಿಕೊಂಡು ಬಗ್ಗಿ ಓದಿದರು. ಚೆನ್ನಾಗಿ ಕಲಕಿ ಬಳಸಿ ಎನ್ನುವವರೆಗೆ ದನಿ ಗಟ್ಟಿಯಾಗಿತ್ತು. ಮುಂದಿನ ಸಾಲಿಗೆ ತಗ್ಗಿತು.

“ಬಾಯಿಗೆ... ತಾಗಿಸಬಾರದು.”

ದೊಡ್ಡಕ್ಕ ಎದ್ದು, “ಸಾರ್, ಹನ್ನೆರಡು ವರ್ಷಕ್ಕೊಂದ್ಸಲ ಡ್ರಮ್ಮು ತಿರುಗಿಸ್ತಾ ಇದ್ರೆ ಒಳ್ಳೇದು,” ಎಂದಳು. ಸಮಾಧಾನವಾಗೇ ಹೇಳಿದಳು. ಮಾಲೀಕರ ಕಿವಿ ಕೆಂಪಗಾಯಿತು. ನಾನೂ ಓದಿರಲಿಲ್ಲ, ತಪ್ಪಾಯಿತು ಎಂದರು. ಇನ್ನು ಮೇಲೆ ಈ ಬಣ್ಣ ತರಿಸುವುದಿಲ್ಲ, ಸೋಮವಾರ ಇಬ್ಬರನ್ನೂ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೂ ಹೇಳಿದರು. ಬರೀ ಮಾತಾಗಬಾರದು ಎಂದು ಪಿಟೀಲು ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಸಿದಳು. ಇರುವೆ ಅಕ್ಷರದಲ್ಲಿ ಬೇಡ ಅಂಕಲ್, ದೊಡ್ಡದಾಗಿ ಎಂದು ಪಕ್ಕದಲ್ಲೇ ನಿಂತಿದ್ದಳು.

ಆಮೇಲೆ ಮಾಲೀಕರು ಅಂಗಡಿಗೆ ಫೋನ್ ಮಾಡಿದರು. ವ್ಯಾನು ಐದರ ಬದಲು ಆರೂವರೆಗೆ ಬರಲಿ ಎಂದರು. ಯಾಕೆ ಎಂದು ಆ ಕಡೆಯವರು ಕೇಳಿರಬೇಕು. “ಕುದುರೆಗಳು ಸ್ವಲ್ಪ ಬೇಜಾರಲ್ಲಿವೆ,” ಎಂದು ಫೋನಿಟ್ಟರು.

ನಾಲ್ವರೂ ಕೂತರು. ಮಾಲೀಕರು ಅಂಗಿಯ ತೋಳು ಮಡಚಿ, ಒದ್ದೆ ಬಟ್ಟೆಯಲ್ಲಿ ಕುದುರೆಗಳ ಕಣ್ಣೀರು ಒರೆಸಿದರು. ಪಿಟೀಲು ಬ್ರಷ್ಷುಗಳನ್ನು ಏಳೇಳು ನೀರಲ್ಲಿ ತೊಳೆದಳು. ಅಮ್ಮ, ದೊಡ್ಡಕ್ಕ ನಡುವೆ ಒಂದು ಒದ್ದೆ ಬಟ್ಟೆ ಮಡಚಿಟ್ಟುಕೊಂಡು, ಮೊನೆಯನ್ನು ಅದರ ಮೇಲೆ ಉರುಳಿಸಿ ಚೂಪು ಮಾಡಿ ಬರೆಯತೊಡಗಿದರು.

ಕೈ ಮಾತು ಕೇಳಬೇಕಲ್ಲ. ಮೊದಲ ಕುದುರೆಗೆ ಮೆಳ್ಳೆಗಣ್ಣು ಬಂತು. ಎರಡನೆಯದು ಸೀನು ಬಂದು ತಡೆದುಕೊಂಡಂತೆ ಕಂಡಿತು. ಅದಕ್ಕಿಂತ ಕಷ್ಟವೆಂದರೆ, ಬ್ರಷ್ ತಾನಾಗೇ ತುಟಿಗೆ ಹೊರಡುತ್ತಿತ್ತು. ಯಾರ ಬ್ರಷ್ ಬಾಯಿಗೆ ಹೋಗುತ್ತದೋ ಅವರು ಕುದುರೆ ಹಾಗೆ ಕೆನೆಯಬೇಕು ಎಂದು ಪಿಟೀಲು ರೂಲ್ಸು ಹಾಕಿದಳು. ಎರಡನೇ ನಿಮಿಷಕ್ಕೇ ದೊಡ್ಡಕ್ಕ ಕೆನೆದಳು, ಗಲ್ಲಿಯ ನಾಯಿ ಎದ್ದು ಬೊಗಳುವಷ್ಟು ಜೋರಾಗಿ. ಆಮೇಲೆ ಅಮ್ಮ. ಮತ್ತೆ ದೊಡ್ಡಕ್ಕ. ಮಾಲೀಕರು ಬ್ರಷ್ಷನ್ನೇ ಹಿಡಿದಿರಲಿಲ್ಲ, ಆದರೂ ಡ್ರಮ್ಮಿನ ಲೆಕ್ಕಕ್ಕೆ ನೀವೂ ಒಂದ್ಸಲ ಕೆನೆಯಬೇಕು ಸಾರ್ ಎಂದು ದೊಡ್ಡಕ್ಕ ಹಟ ಹಿಡಿದಳು. ಅವರು ಬಾಗಿಲು ಮುಚ್ಚಿ ಬಂದು ಕೆನೆದರು. ಅಮ್ಮ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಳು.

ಇಪ್ಪತ್ತನೇ ಕುದುರೆಯ ಹೊತ್ತಿಗೆ ಕಣ್ಣುಗಳು ಕಣ್ಣಿನಂತಾದವು. ಅಮ್ಮ ತಲೆ ಎತ್ತದೆ ಕೇಳಿದಳು, “ಆ ಹುಡುಗೀರ ವಿಷ್ಯ ಹೇಳೇ. ದವಡೆದು ಬೇಡ. ಅವರು ಹೆಂಗಿದ್ರು?”

ಪಿಟೀಲು ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟಳು. ಪುಸ್ತಕದಲ್ಲಿ ಅದೂ ಇತ್ತು. ಓದಿದ್ದಳು. ಅಯ್ಯೋ ಬೀಳದ ಭಾಗ ಎಂದು ಕ್ಲಾಸಿನಲ್ಲಿ ಹಾರಿಸಿಬಿಟ್ಟಿದ್ದಳು.

ಈಗ ಅದನ್ನೇ ಮೆಲ್ಲಗೆ ಹೇಳಿದಳು. ಕೆಲವರಿಗೆ ಇನ್ನೂ ಹದಿನಾಲ್ಕು, ಹದಿನೈದು ವರ್ಷ. ಅಕ್ಕ ಸೇರಿದ ಕಡೆ ತಂಗಿಯೂ ಸೇರುತ್ತಿದ್ದಳು. ತಮಾಷೆಗೆ ಉಗುರಿಗೆ, ಹಲ್ಲಿಗೆ ಆ ಬಣ್ಣ ಹಚ್ಚಿಕೊಂಡು ಕತ್ತಲಲ್ಲಿ ನಗುತ್ತಿದ್ದರು. ಡಾನ್ಸಿಗೆ ಹೋಗುವ ದಿನ ಒಳ್ಳೆಯ ಬಟ್ಟೆ ಹಾಕಿಕೊಂಡೇ ಕೆಲಸಕ್ಕೆ ಬರುತ್ತಿದ್ದರು, ಬಟ್ಟೆಯೂ ಹೊಳೆಯಲಿ ಎಂದು. ಕಾಯಿಲೆ ಬಿದ್ದ ಮೇಲೆ ಐದು ಜನ ಕೋರ್ಟಿಗೆ ಹೋದರು. ಪ್ರಮಾಣ ಮಾಡಲು ಕೈ ಎತ್ತಲೂ ಕೆಲವರಿಗೆ ಆಗಲಿಲ್ಲ. ಆದರೂ ಹೋದರು.

“ಗೆದ್ರಾ?” ಎಂದಳು ದೊಡ್ಡಕ್ಕ.

ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ, ದುಡ್ಡು ಕೊಟ್ಟು ಕೈತೊಳೆದುಕೊಂಡಿತು ಎಂದಳು ಪಿಟೀಲು. ಆದರೆ ವಿಷಯ ಎಲ್ಲರಿಗೂ ಗೊತ್ತಾಯಿತು. ಆಮೇಲೆ ಬಂದ ಹುಡುಗಿಯರು ಬ್ರಷ್ ಬಾಯಿಗಿಡುವುದು ನಿಂತಿತು.

ಆಮೇಲೆ ದೊಡ್ಡಕ್ಕ ಏನೋ ನೆನೆದು, ಹಲ್ಲಿಗೆ ಹೊಳೆಯೋ ಬಣ್ಣ ಹಚ್ಕೊಂಡ್ರೆ ನನ್ನ ಬಾಯಲ್ಲಿ ಹೊಳೆಯೋದು ಮೂರೇ ಕಣೇ ಎಂದಳು. ಅಮ್ಮ ಕಿಸಕ್ಕನೆ ನಕ್ಕಳು. ನಗುನಗುತ್ತಾ ಅವಳ ಕೈ ತುಟಿಯ ಕಡೆಗೆ ಹೊರಟಿತು, ನಡುದಾರಿಯಲ್ಲಿ ತಾನಾಗೇ ನಿಂತಿತು, ಇಳಿದು ಬಟ್ಟೆಗೆ ಹೋಯಿತು.

ಪಿಟೀಲು ಇಬ್ಬರನ್ನೂ ನೋಡಿದಳು. ಕಿಟಕಿಯ ಬೆಳಕು, ಮೊಣಕೈಗೆ ಮೊಣಕೈ ತಾಗಿಸಿ ಕೂತ ಇಬ್ಬರು, ನಡುವೆ ಬಣ್ಣದ ಬಟ್ಟಲು. ಅವರೂ ಹೀಗೇ ಕೂತಿದ್ದಿರಬೇಕು. ಹೀಗೇ ಏನಾದರೊಂದು ಹೇಳಿಕೊಂಡು ನಗುತ್ತಾ.

ಅವಳು ಒದ್ದೆ ಬಟ್ಟೆಯನ್ನು ಅಮ್ಮನ ಕೈಗೆ ಇನ್ನಷ್ಟು ಹತ್ತಿರಕ್ಕೆ ಸರಿಸಿದಳು.