ಅರವತ್ತು ಕುರ್ಚಿಗಳ ಮೊದಲ ವರ್ಷ

ಅವನು ಆಡಿಟರ್ ಆಫೀಸಿನ ಮೇಜಿನ ಮೇಲೆ ಇಟ್ಟ ಬಾಟಲಿಯನ್ನು ಈಶ್ವರಿ ದನದ ಔಷಧ ಅಂದುಕೊಂಡಳು. ಲೇಬಲ್ ಇರಲಿಲ್ಲ, ಬಣ್ಣ ಕಂದು.

"ದನದ ದವಾಖಾನಿ ಪಕ್ಕದ ಬಿಲ್ಡಿಂಗ್ ರೀ," ಎಂದಳು ತಲೆಯೆತ್ತದೆ.

"ಅಯ್ಯೋ, ಇದು ಬೀರು ರೀ ಮೇಡಂ! ನಮ್ಮ ಜೋಳದ್ದು. ನಾನ ಮಾಡೀನಿ."

ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಮೊದಲು ಸಣ್ಣದಾಗುತ್ತಿತ್ತು. ಅದನ್ನು ಗಮನಿಸಿದ್ದಕ್ಕೆ ತನಗೆ ತಾನೇ ನಾಚಿ ಅವಳು ಕೀಬೋರ್ಡಿಗೆ ಕಣ್ಣು ಇಳಿಸಿದಳು.

ಅವನು ವಾಗೀಶ್, ಆದೋನಿಯ ಹತ್ತಿ ವ್ಯಾಪಾರಿಗಳ ಮನೆಯವನು. ಹತ್ತು ವರ್ಷ ಪುಣೆಯಲ್ಲಿದ್ದು ಬೀರು ಮಾಡುವುದನ್ನು ಕಲಿತು ಬಂದಿದ್ದ. ತಾತನ ಗೋದಾಮಿನಲ್ಲಿ ಅರವತ್ತು ಕುರ್ಚಿ ಹಾಕಿ, ಅಲ್ಲೇ ತಯಾರಿಸಿ ಅಲ್ಲೇ ಕೊಡಬೇಕೆಂಬುದು ಅವನ ಆಸೆ. ಗೋದಾಮು ಅಡವಿಟ್ಟರೆ ಬ್ಯಾಂಕು ಸಾಲ ಕೊಡುತ್ತಿತ್ತು. ಆದರೆ ಮೊದಲ ವರ್ಷದ ಮಾರಾಟ ಕೋಟಿ ದಾಟುತ್ತದೆಂದು ವರದಿ ತೋರಿಸಬೇಕು. ದಾಟದಿದ್ದರೆ ಅವನು ಊರು ಬಿಟ್ಟು ಹೈದರಾಬಾದಿನ ಗೆಳೆಯನ ಜೊತೆ ಸೇರಿಕೊಳ್ಳುವವನು. ಆಡಿಟರ್ ಉದಯಕುಮಾರ್ ಸಾರ್ ಆ ಫೈಲನ್ನು ಈಶ್ವರಿಯ ಕಡೆ ತಳ್ಳಿದರು. ಎಂ.ಕಾಂ. ಮುಗಿಸಿ ದಿನಾ ಚಿಪ್ಪಗಿರಿಯಿಂದ ಬಸ್ಸಿನಲ್ಲಿ ಬರುವ ಅವಳು ಮಾತಿಗೆ ಹಿಂದೆ, ಲೆಕ್ಕಕ್ಕೆ ಮುಂದೆ.

"ದಿನಕ್ಕ ಎಷ್ಟು ಮಂದಿ ಬರ್ತಾರ ಅಂತ ಬರೀಲಿ ರೀ?"

"ಕುಂತು ಎಣಿಸೋಣು," ಅಂದ ವಾಗೀಶ್.

ಡಿಸೆಂಬರಿನ ಆರು ಸಂಜೆ ಇಬ್ಬರೂ ಊರಿನ ದೊಡ್ಡ ಬಾರಿನ ಎದುರು, ಪಕೀರಮ್ಮನ ಚಹಾ ಬಂಡಿಯ ಬೆಂಚಿನ ಮೇಲೆ ಕೂತರು. ಒಳಗೆ ಹೋದವರಿಗೆಲ್ಲ ಈಶ್ವರಿಯ ನೋಟ್‌ಬುಕ್ಕಿನಲ್ಲಿ ಒಂದೊಂದು ಗೀಟು.

"ಆ ಕೆಂಪಂಗಿಯಾಂವಗ ಎರಡು ಹಾಕ್ರಿ."

"ಒಬ್ಬಂವಗ ಎರಡು ಹೆಂಗ ಹಾಕ್ಲಿ?"

"ಹೊಟ್ಟಿ ನೋಡ್ರಿ. ಇಬ್ಬರ ಸಮ ಅದಾನ."

ಅವಳು ನಕ್ಕಳು. ಚಹಾ ಮೂಗಿಗೆ ಏರಿತು. ಅವನು ಕರ್ಚೀಫು ಚಾಚಿದ. ಬೆರಳಿಗೆ ಬೆರಳು ತಾಗಿದ ಆ ಗಳಿಗೆ ಮೂವರು ಒಳಗೆ ಹೋದರೋ ನಾಲ್ವರೋ, ಇಬ್ಬರಿಗೂ ತಿಳಿಯಲಿಲ್ಲ.

"ಏನಪ್ಪಾ ಸಾವ್ಕಾರ, ಹೆಣ್ಣು ನೋಡಾಕ ಇದೇ ಜಾಗ ಸಿಕ್ತಾ?" ಎಂದಳು ಪಕೀರಮ್ಮ.

"ಮಂದಿ ಎಣಿಸಾಕ ಬಂದೀವಿ, ಪಕೀರಮ್ಮ."

"ಎಣಿಸು, ಎಣಿಸು. ಬಾರು ಆ ಕಡಿಗೆ ಐತಿ, ನಿನ್ನ ಕಣ್ಣು ಈ ಕಡಿಗೆ ಐತಿ."

ಸಂಜೆಗೆ ಸರಾಸರಿ ತೊಂಬತ್ತು ಮಂದಿ. ಒಬ್ಬರಿಂದ ನಾನೂರು ರೂಪಾಯಿ, ವರ್ಷದ ಮುನ್ನೂರ ಅರವತ್ತೈದು ದಿನ. ಒಂದು ಕೋಟಿ ಮೂವತ್ತೊಂದು ಲಕ್ಷ! ಫೋನಿನಲ್ಲಿ ಅಂಕಿ ಕೇಳಿ ವಾಗೀಶ್ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡ. ಆಮೇಲೆ, "ಹಂಗಾರ ನಾ ಇಲ್ಲೇ ಇರ್ತೀನಿ, ಈಶ್ವರಿ," ಎಂದ. ಮೇಡಂ ಎನ್ನಲಿಲ್ಲ. ಅಂದು ಡೈರಿಯಲ್ಲಿ ಅವಳು ಆ ಒಂದು ವಾಕ್ಯ ಬಿಟ್ಟು ಬೇರೇನೂ ಬರೆಯಲಿಲ್ಲ.

ಫೆಬ್ರವರಿಯಲ್ಲಿ ಗೋನೆಗಂಡ್ಲದ ಗಂಡಿನ ಕಡೆಯವರು ಅವಳನ್ನು ನೋಡಿ ಒಪ್ಪಿ ಹೋದರು. "ಏನಂತೀದಿ, ತಾಯಿ?" ಎಂದು ಅಪ್ಪ ಮಾರೆಣ್ಣ ಕೇಳಿದ್ದಕ್ಕೆ ಅವಳು ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿದ್ದಳು.

ಮಾರ್ಚಿನಲ್ಲಿ ವರದಿ ಬ್ಯಾಂಕಿಗೆ ಹೋಗಬೇಕಿತ್ತು. ಹಿಂದಿನ ದಿನ ಸಂಜೆ ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದ ಈಶ್ವರಿ ಬಾರಿನ ಮುಂದೆ ನಿಂತುಬಿಟ್ಟಳು. ಎರಡೇ ಬೈಕು. ಪಕೀರಮ್ಮ ಬಂಡಿಗೆ ಒರಗಿ ತೂಕಡಿಸುತ್ತಿದ್ದಳು.

"ಮಂದಿ ಎಲ್ಲಿ, ಪಕೀರಮ್ಮ?"

"ಹತ್ತಿ ಮುಗೀತಲ್ಲವ್ವಾ. ದಲಾಲರು ಹೋದ್ರು, ಲಾರಿ ಹೋದ್ವು. ಇನ್ನ ಕಾರ್ತಿಕದ ತನಕ ನೊಣ ಹೊಡಿಯೋದ."

ಹತ್ತಿ ಬಂದಾಗ ತುಂಬಿ, ಹತ್ತಿ ಹೋದಾಗ ಬರಿದಾಗುವ ಊರು ಇದು. ಆದೋನಿ ಸೀಮೆಯ ಮಕ್ಕಳಿಗೂ ಗೊತ್ತಿರುವ ಆ ಮಾತು ಆರು ಸಂಜೆ ಅವಳಿಗೆ ಮರೆತೇ ಹೋಗಿತ್ತು. ನಾಲ್ಕು ತಿಂಗಳ ಸಂತೋಷವನ್ನು ಅವಳು ಹನ್ನೆರಡು ತಿಂಗಳಿಗೆ ಹರಡಿದ್ದಳು.

ಮರುದಿನ ಅವಳು ಇದನ್ನು ಹೇಳಿದಾಗ ಉದಯಕುಮಾರ್ ಸಾರ್ ನಕ್ಕರು. "ಬ್ಯಾಂಕಿನವರು ಬಂದು ಎಣಿಸ್ತಾರೇನಮ್ಮ? ಕೋಟಿ ದಾಟೈತಿ, ಪ್ರಿಂಟ್ ಕೊಡು."

ಕೊಟ್ಟರೆ ಅವನು ಇಲ್ಲೇ ಉಳಿಯುತ್ತಾನೆ, ಸಾಲ ತೀರಿಸಲಾಗದೆ ಎರಡು ವರ್ಷದಲ್ಲಿ ತಾತನ ಗೋದಾಮು ಕಳೆದುಕೊಳ್ಳುತ್ತಾನೆ. ಕೊಡದಿದ್ದರೆ ಗೋದಾಮು ಉಳಿಯುತ್ತದೆ, ಅವನು ಹೋಗುತ್ತಾನೆ. ಸಾರ್ ಹತ್ತಿರ ಒಂದು ವಾರ ಬೇಡಿಕೊಂಡು, ಅವಳು ಆ ಬೆಂಚಿನ ಮೇಲೆ ಒಬ್ಬಳೇ ಆರು ಸಂಜೆ ಕೂತಳು. ಹದಿನೆಂಟು, ಇಪ್ಪತ್ತೊಂದು, ಇಪ್ಪತ್ತು. ನಾಲ್ಕು ತಿಂಗಳು ತೊಂಬತ್ತು, ಉಳಿದ ಎಂಟು ತಿಂಗಳು ಇಪ್ಪತ್ತು ಎಂದು ಹಾಕಿದಾಗ ಹೊಸ ಮೊತ್ತ ಅರವತ್ತೆರಡು ಲಕ್ಷದ ಎಂಬತ್ತು ಸಾವಿರ.

ಹಾಳೆ ಓದಿದ ವಾಗೀಶನ ಮುಖ ಬಿಳುಪೇರಿತು.

"ನಾ ಇಲ್ಲಿರೋದು ನಿಮಗ ಬ್ಯಾಡಾ?"

ಹೇಳಲು ಎಷ್ಟೋ ಇತ್ತು. "ಮಾರ್ಚಿನಾಗ ಮಂದಿ ಬರಂಗಿಲ್ಲ ಸಾರ್," ಎಂದಷ್ಟೇ ಹೇಳಿದಳು.

ಅವನು ಹಾಳೆ ಮಡಚಿ ಜೇಬಿಗಿಟ್ಟು, ಮೆಟ್ಟಿಲು ಇಳಿದು ಹೋದ.

ಹತ್ತು ದಿನದ ನಂತರ ಮಧ್ಯಾಹ್ನದ ರೈಲಿಗೆ ಅವನು ಹೊರಡುತ್ತಾನೆಂದು ಉದಯಕುಮಾರ್ ಸಾರ್ ಬಾಯಲ್ಲಿ ಕೇಳಿ, ಹೊಟ್ಟೆನೋವೆಂದು ರಜೆ ಹಾಕಿ ಅವಳು ಸ್ಟೇಷನ್ನಿಗೆ ಓಡಿದಳು. ಅವನು ಬೇವಿನ ನೆರಳಲ್ಲಿ ಚೀಲದ ಮೇಲೆ ಕೂತಿದ್ದ.

"ಬ್ಯಾಡ ಆಗಿದ್ರ," ಎಂದಳು ಏದುಸಿರಿನಲ್ಲಿ, "ಮೊದಲಿನ ಹಾಳಿ ಕಣ್ಣು ಮುಚ್ಚಿ ಕೊಡ್ತಿದ್ದೆ ರೀ. ಬೇಕಾಗಿದ್ರಿ. ಅದಕ್ಕ ಕುಂತು ಎಣಿಸಿದೆ."

ಅವನು ಎದ್ದು ನಿಂತ. ಈ ಸಲ ಅವಳು ತಲೆ ತಗ್ಗಿಸಲಿಲ್ಲ.

"ಗೊತ್ತೈತಿ. ನಾನೂ ಆಮ್ಯಾಲೆ ಹೋಗಿ ಎಣಿಸಿದೆ. ಹತ್ತೊಂಬತ್ತು," ಎಂದ. ಆಮೇಲೆ ಮೆಲ್ಲಗೆ, "ಒಂದು ವರ್ಷ ಕಾಯ್ತೀಯಾ, ಈಶ್ವರಿ? ನನ್ನ ಕಾಲ ಮ್ಯಾಲೆ ನಿಂತು ಬಂದು ಕೇಳ್ತೀನಿ."

ಕಾಯ್ತೀನಿ ಎನ್ನಲು ತುಟಿ ತೆರೆದಳು. ಗೋನೆಗಂಡ್ಲದವರು ಮದುವೆ ವೈಶಾಖದಲ್ಲೇ ಅಂದಿದ್ದರು. ಮನೆಯಲ್ಲಿ ಅಪ್ಪನ ಮಾತಿಗೆ ಎದುರು ನಿಲ್ಲುವ ಧೈರ್ಯ ತನ್ನಲ್ಲಿ ಎಷ್ಟಿದೆಯೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಆಸೆ ಐತಿ," ಎಂದಳು. "ಮಾತು ಕೊಡಾಕ ಆಗಂಗಿಲ್ರಿ. ಕೊಟ್ರ ಸುಳ್ಳಾಗ್ತೈತಿ."

ಅವನು ತಲೆಯಾಡಿಸಿದ. ಅವಳ ಕೈ ಹಿಡಿದುಕೊಂಡ; ರೈಲು ಬಂದು ನಿಲ್ಲುವವರೆಗೂ ಬಿಡಲಿಲ್ಲ.

ಚಿಪ್ಪಗಿರಿಯ ಬಸ್ಸಿನಲ್ಲಿ ಕಂಡಕ್ಟರ್ "ಎಕ್ಕಡಮ್ಮಾ?" ಎಂದು ತೆಲುಗಿನಲ್ಲಿ ಇಳಿಯುವ ಊರು ಕೇಳಿದ. ಈಶ್ವರಿ ಚಿಪ್ಪಗಿರಿ ಎಂದು ಚಿಲ್ಲರೆ ಚಾಚಿದಳು; ಕಣ್ಣೀರು ಕೆನ್ನೆಗಿಳಿಯಿತು. ಪಕ್ಕದ ಮುದುಕಿ ಅವಳ ಮುಖ ನೋಡಿ, ಕಾಳಿನ ಗಂಟನ್ನು ಕಾಲ ಬುಡಕ್ಕೆ ಸರಿಸಿ, ತನ್ನ ಸೆರಗಿನ ಚುಂಗನ್ನು ಅವಳ ಕೈಗೆ ಕೊಟ್ಟಳು.

"ಒರಸಿಕೋ, ಕೂಸೇ," ಎಂದಳು. "ನಿಮ್ಮೂರು ಇನ್ನ ದೂರ ಐತಿ."